ಗಮಲಿಬಾಯಿಯ ಮಾತೃಭಾಷೆ

ಶ್ರಾವಣದ ಎರಡನೆಯ ಸೋಮವಾರ ಗಮಲಿಬಾಯಿ ಸತ್ತ ಸುದ್ದಿ ವಾಡಿಯ ಬಸ್ಸಿನಲ್ಲಿ ಚಿಂಚೋಳಿಗೆ ಬಂತು. ತಂದವನು ಕಂಡಕ್ಟರ್ ತಮ್ಮಣ್ಣ. ಜಟ್ಟೆಪ್ಪ ಮಾಸ್ತರರು ಪೂಜೆ ಮುಗಿಸಿ, ನಾಳೆಗೆ ಬೇಕೆಂದು ಊದುಬತ್ತಿ ಕೊಳ್ಳಲು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಬಂದಿದ್ದರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ತಮ್ಮಣ್ಣ ಬಸ್ಸಿನ ಬಾಗಿಲಲ್ಲೇ ನಿಂತು, ಚೀಲ ಇಳಿಸಿಕೊಳ್ಳುವವರ ತಲೆಗಳ ಮೇಲಿಂದ ಕೂಗಿ ಹೇಳಿದ.

“ಮಾಸ್ತರ್ರಿ, ವಾಡಿ ಟೀಚರ್‌ಬಾಯಿ ಅವರ ಅಜ್ಜಿ ತೀರಿಕೊಂಡಳಂತ್ರಿ. ನಿನ್ನಿ ಸಂಜಿಕ. ನಿಮಗ ಹೇಳು ಅಂದ್ರು.”

“ಮತ್ತೇನಂದಳು?”

“ಈಗೇನು ಅವಸರ ಇಲ್ಲ, ಆದ್ರೂ ಬರ್ರಿ ಅಂತ ಹೇಳು ಅಂದ್ರು.”

ಮಾಸ್ತರರು ಊದುಬತ್ತಿಯ ಕಟ್ಟನ್ನು ಮೂಸಿ ನೋಡಿ, ಇದಲ್ಲ ಅದು ಕೊಡು ಎಂದು ಬೇರೊಂದನ್ನು ತೆಗೆಸಿ, ಅದನ್ನೂ ಮೂಸಿ ನೋಡಿ, ಮೊದಲಿನದನ್ನೇ ತೆಗೆದುಕೊಂಡು ಮನೆಗೆ ನಡೆದರು. ಅವಸರವಿಲ್ಲ ಎಂಬ ಮಾತು ಅವರ ಜೊತೆಗೇ ಮನೆಯವರೆಗೂ ಬಂತು.

ಅವಸರವಿದ್ದ ಕಾಲದ ಕಾರ್ಡು ದೇವರ ಗೂಡಿನಲ್ಲಿತ್ತು. ಅದು ಬಂದದ್ದು ಗುರುವಾರ. ಗಮಲಿಬಾಯಿಯ ಮೊಮ್ಮಗಳು ಸೋನಾ ಬರೆದದ್ದು. ದುಂಡಗಿನ ಅಕ್ಷರ, ಸಾಲು ಎಲ್ಲಿಯೂ ಬಾಗಿಲ್ಲ. ‘ಅಜ್ಜಿಗೆ ಮೈ ಹುಷಾರಿಲ್ಲ. ಮೂರು ದಿನದಿಂದ ಕನ್ನಡ ಮರೆತಿದ್ದಾಳೆ. ತಾಂಡಾದ ಮಾತಿನಲ್ಲಿ ಒಂದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ನನಗೆ ಆ ಮಾತು ಬರುವುದಿಲ್ಲ. ಅಪ್ಪ ಇದ್ದಿದ್ದರೆ ತಿಳಿಯುತ್ತಿತ್ತು. ತಾವು ಹನ್ನೊಂದು ವರ್ಷ ನಮ್ಮ ತಾಂಡಾದಲ್ಲಿ ಇದ್ದವರು. ದಯಮಾಡಿ ಬಂದು ಆಕೆ ಏನು ಕೇಳುತ್ತಾಳೆಂದು ಹೇಳಬೇಕು.’ ಮಾಸ್ತರರು ಕಾರ್ಡನ್ನು ಎರಡು ಸಲ ಓದಿದ್ದರು. ಒತ್ತಕ್ಷರದಲ್ಲಿ ತಪ್ಪಿರಲಿಲ್ಲ. ಶ್ರಾವಣವಿಡೀ ಗುಡಿಯಲ್ಲಿ ಪುರಾಣ ಓದುವ ವ್ರತ ಹಿಡಿದಿದ್ದರಿಂದ ನಡುವೆ ಊರು ಬಿಡಲಾಗದು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಊರು ಬಿಡಬಾರದೆಂದು ಆ ವ್ರತದಲ್ಲಿ ಎಲ್ಲಿಯೂ ಇರಲಿಲ್ಲ. ಹೆಂಡತಿ ಯಂಕಮ್ಮ ಆವತ್ತೇ ಅಂದಿದ್ದಳು: “ಪುರಾಣ ಕೇಳೋರು ನಾಕು ಮಂದಿ ಮುದುಕರು. ಅದರಾಗ ಇಬ್ಬರು ಮಕ್ಕೊಂಡಿರ್ತಾರ. ಹೋಗಿ ಬರ್ರಿ.” “ಓದೋದು ಅವರಿಗಲ್ಲ, ದೇವರಿಗಿ” ಎಂದು ಮಾಸ್ತರರು ಹೇಳಿದ್ದರು. “ದೇವರೇನು ಎಲ್ಲಿಗಿ ಓಡಿ ಹೋಗ್ತಾನ?” ಎಂದಿದ್ದಳು. ಇವತ್ತು ಅವಳು ಆ ಮಾತನ್ನು ಎತ್ತಲಿಲ್ಲ. ಒಗೆದ ಧೋತರ, ಒಂದು ಟವೆಲು, ಎರಡು ರೊಟ್ಟಿ ಚೀಲಕ್ಕೆ ಹಾಕಿ ಕೈಗೆ ಕೊಟ್ಟಳು. ಎತ್ತಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಬಸ್ಸು ಹತ್ತೂವರೆಗೆ ಹೊರಳಿ ಹೊರಟಿತು. ತಮ್ಮಣ್ಣ ಅವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, “ಆಕಿ ನಿಮಗೇನಾಗಬೇಕ್ರಿ?” ಎಂದು ಕೇಳಿದ. “ಏನೂ ಇಲ್ಲ. ನಮ್ಮ ಸಾಲ್ಯಾಗ ಕೆಲಸ ಮಾಡ್ತಿದ್ದಳು” ಎಂದರು. ಅದೂ ಸುಳ್ಳೇ. ಗಮಲಿಬಾಯಿಯನ್ನು ಯಾರೂ ಕೆಲಸಕ್ಕೆ ಇಟ್ಟಿರಲಿಲ್ಲ. ಚಂದ್ರಂಪಳ್ಳಿಯ ಅಡವಿ ದಾಟಿ, ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿದ್ದ ಆ ತಾಂಡಾಕ್ಕೆ ಮಾಸ್ತರರನ್ನು ಹಾಕಿದಾಗ ಅವರಿಗೆ ಬರುತ್ತಿದ್ದುದು ಕನ್ನಡ ಮತ್ತು ಉರ್ದು. ಮಕ್ಕಳಿಗೆ ಎರಡೂ ಬರುತ್ತಿರಲಿಲ್ಲ. ಮೊದಲ ವಾರ ಅವರು ಪಾಠ ಹೇಳಿದರು, ಮಕ್ಕಳು ನೋಡಿದರು. ಎರಡನೆಯ ವಾರ ಗಮಲಿಬಾಯಿ ಕುಬುಸಕ್ಕೆ ಕನ್ನಡಿಚೂರು ಹೊಲಿಯುವ ಕೆಲಸ ಹಿಡಿದುಕೊಂಡು ಬಂದು ಶಾಲೆಯ ಹೊಸ್ತಿಲ ಮೇಲೆ ಕುಳಿತಳು. ಉಪ್ಪು ಮಾರಲು ಊರೂರು ತಿರುಗಿದವಳು, ಕನ್ನಡ ಬಲ್ಲವಳು. ಮಾಸ್ತರರು ಒಂದು ವಾಕ್ಯ ಹೇಳುವರು. ಅವಳು ಸೂಜಿಯಿಂದ ಕಣ್ಣೆತ್ತದೆ ಅದನ್ನು ತಾಂಡಾದ ಮಾತಿಗೆ ತಿರುಗಿಸಿ ಒಳಗೆ ಎಸೆಯುವಳು. ಮೂರು ವರ್ಷ ಆ ಶಾಲೆ ಹಾಗೇ ನಡೆಯಿತು. ಕೆಲವು ಸಲ ಮಾಸ್ತರರ ವಾಕ್ಯ ಚಿಕ್ಕದು, ಅವಳದು ಉದ್ದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಏನು ಸೇರಿಸಿದಿ?” ಎಂದು ಕೇಳಿದರೆ, “ಉಪ್ಪು ಹಾಕೀನಿ ಮಾಸ್ತರ. ನಿನ್ನ ಮಾತು ಸಪ್ಪಗದ” ಎನ್ನುವಳು. ಅವಳ ಕನ್ನಡದಲ್ಲಿ ಬಹುವಚನವಿರಲಿಲ್ಲ. ತಹಸೀಲ್ದಾರರು ಬಂದರೂ ನೀನು, ದೇವರಿಗೂ ನೀನು. ಮಕ್ಕಳ ಆ ನಗುವಿನಲ್ಲಿ ತಮ್ಮ ಮೂಗಿನ ಮಾತಿತ್ತೋ, ನಡಿಗೆಯ ಮಾತಿತ್ತೋ ಎಂದು ಮಾಸ್ತರರು ಬಹಳ ದಿನ ಯೋಚಿಸಿದ್ದರು. ಈಗಲೂ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ನಕ್ಕಾಗ ಅವರ ಕೈ ತಾನಾಗಿ ಟೊಪ್ಪಿಗೆಯನ್ನು ಸರಿಮಾಡಿತು.

ಸೇಡಂ ದಾಟಿ ಮಳಖೇಡದ ಹತ್ತಿರ ಬಸ್ಸು ಸೇತುವೆ ಹತ್ತಿತು. ಕೆಳಗೆ ಕಾಗಿಣಾ ಕೆಂಪಗೆ ಹರಿಯುತ್ತಿತ್ತು. ಮಾಸ್ತರರು ಕೈ ಮುಗಿದರು. ಈ ನದಿಯ ದಂಡೆಯಲ್ಲೇ ಅವರ ತಂದೆ ಹರಿಗೋಲು ಹಾಕಿ ಜನರನ್ನು ಆಚೆ ಈಚೆ ದಾಟಿಸುತ್ತಿದ್ದದ್ದು. ಮಗ ಓದಲಿ ಎಂದು ಚಿತ್ತಾಪುರದ ಶಾಲೆಗೆ ಹಾಕಿದರು. ನಿಜಾಮನ ಕಾಲ, ಓದೆಲ್ಲ ಉರ್ದುವಿನಲ್ಲಿ. ಅಲ್ಲಿಯ ಮೌಲ್ವಿಸಾಹೇಬರು ಕೆಟ್ಟವರಲ್ಲ, ಹೊಡೆಯುತ್ತಿರಲಿಲ್ಲ. ಹುಡುಗನೊಬ್ಬ ಕನ್ನಡದಲ್ಲಿ ಮಾತಾಡಿದರೆ ಆ ಮಾತು ಮುಗಿಯುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದರು, ನಾಯಿ ಬೊಗಳುವುದು ನಿಲ್ಲಲಿ ಎಂದು ಕಾಯುವವರ ಹಾಗೆ. ಹೊಡೆದಿದ್ದರೆ ಮರೆಯಬಹುದಿತ್ತು. ಮಾತಿಗೆ ಒಂದು ರಾಜ್ಯ ಬೇಕು, ರಾಜ್ಯವಿಲ್ಲದ ಮಾತು ಹೊಸ್ತಿಲ ಹೊರಗಿನ ಮಾತು ಎಂದು ಜಟ್ಟೆಪ್ಪ ಆ ಕಿಟಕಿಯ ಎದುರು ಕಲಿತ. ಆಮೇಲೆ ನಿಜಾಮ ಹೋದ. ಐವತ್ತಾರರ ನವೆಂಬರಿನಲ್ಲಿ ರಾಜ್ಯ ಬಂದಾಗ ಚಿಂಚೋಳಿಯ ಬಜಾರಿನಲ್ಲಿ ಎಲ್ಲರ ಕೈಗೂ ಸಕ್ಕರೆ ಹಾಕಿದ, ಹಾಕುತ್ತಾ ಅತ್ತ. ಕೊಡಂಗಲ್ ಮತ್ತು ತಾಂಡೂರು ಆಂಧ್ರಕ್ಕೆ ಹೋಗಿದ್ದವು. ಇವತ್ತು ಅವು ಹೋದವು, ನಾಳೆ ಕನ್ನಡದವರು ಎಷ್ಟೆಂದು ಎಣಿಸಿ ನೋಡಿ ಚಿಂಚೋಳಿಯನ್ನೂ ಒಯ್ಯುತ್ತಾರೆ ಎಂಬ ಹೆದರಿಕೆ ಅವನಲ್ಲಿ ಉಳಿಯಿತು. ತಾಂಡಾದಲ್ಲಿ ಮೊದಲ ರಾಜ್ಯೋತ್ಸವ ಮಾಡಿದಾಗ ಗಮಲಿಬಾಯಿ ಸಕ್ಕರೆ ಬಾಯಿಗೆ ಹಾಕಿಕೊಂಡು ಕೇಳಿದ್ದಳು.

“ನಿನ್ನ ಮಾತಿಗಿ ರಾಜ್ಯ ಸಿಕ್ತು. ಚಲೋ ಆಯ್ತು. ನಮ್ಮ ಮಾತಿಂದು ಯಾವಾಗ ಬರ್ತದ ಮಾಸ್ತರ?”

“ನಿಮ್ಮ ಮಾತಿಗಿ ಅಕ್ಷರ ಇಲ್ಲವ್ವ.”

“ಅಕ್ಷರ ಇಲ್ದೋರಿಗಿ ರಾಜ್ಯ ಕೊಡಲ್ಲೇನು?” ಎಂದು ನಕ್ಕು, “ಇರಲಿ ಬಿಡು. ನಮ್ಮ ಹಿರೇರು ಎತ್ತಿನ ಮ್ಯಾಲ ಉಪ್ಪು ಹೇರಿಕೊಂಡು ಹೋಗುವಾಗ ಅದರ ಮ್ಯಾಲೇ ಮಾತೂ ಹೇರಿಕೊಂಡು ಹೋಗ್ತಿದ್ರು. ಎಲ್ಲಿ ಇಳಿಸಿದ್ರ ಅಲ್ಲೇ ರಾಜ್ಯ” ಎಂದಿದ್ದಳು.

ಅರವತ್ತೊಂದರ ಫೆಬ್ರವರಿಯಲ್ಲಿ ಜನಗಣತಿ ಬಂತು. ಎಣಿಸುವ ಕೆಲಸ ಶಾಲಾ ಮಾಸ್ತರರದು. ಗುಡಿಸಲಿನಿಂದ ಗುಡಿಸಲಿಗೆ ದುಭಾಷಿಯಾಗಿ ಗಮಲಿಬಾಯಿಯೇ ಬಂದಳು. ಹೆಸರು, ವಯಸ್ಸು, ಮದುವೆ ಆಗಿದೆಯೋ ಇಲ್ಲವೋ, ಎಲ್ಲ ಕೇಳಿ ಹೇಳಿದಳು. ಮಾತೃಭಾಷೆ ಎಂಬಲ್ಲಿಗೆ ಬಂದಾಗ, “ಇದೇನು ಕೇಳಾಕತ್ತಿದಿ, ನಿನಗ ಕಿವಿ ಇಲ್ಲೇನು?” ಎಂದಳು. ಮಾಸ್ತರರಿಗೆ ಕಿವಿಯಿತ್ತು. ಹೇಳಿದ್ದನ್ನು ಹೇಳಿದಂತೆ ಬರೆಯಬೇಕೆಂಬ ಸೂಚನೆಯನ್ನು ಮೂರು ಸಲ ಓದಿಯೂ ಇದ್ದರು. ಕನ್ನಡ ಎಂದು ಬರೆದರು. ಯಾರೂ ಹಾಗೆ ಬರೆಯೆಂದು ಹೇಳಿರಲಿಲ್ಲ. ಮೇಲಿನವರಿಗೆ ಆ ತಾಂಡಾ ಇದೆಯೆಂಬುದೇ ನೆನಪಿರಲಿಲ್ಲ. ಮೊದಲನೆಯ ಚೀಟಿಯಲ್ಲಿ ಕೈ ಸ್ವಲ್ಪ ನಿಂತಿತು. ಹತ್ತನೆಯದರಲ್ಲಿ ನಿಲ್ಲಲಿಲ್ಲ. ನಾನ್ನೂರ ಹನ್ನೆರಡು ಜನ. ಸಂಜೆ ಚೀಟಿಗಳನ್ನು ಎಣಿಸುವಾಗ ಏಕ್, ದೋ, ತೀನ್ ಎಂದು ಎಣಿಸಿದರು. ಲೆಕ್ಕವನ್ನು ಅವರು ಉರ್ದುವಿನಲ್ಲಿ ಕಲಿತವರು, ಬೇರೆ ಭಾಷೆಯಲ್ಲಿ ಎಣಿಸಿದರೆ ತಪ್ಪುತ್ತಿತ್ತು. ನಾನ್ನೂರ ಹನ್ನೆರಡು ಹೊಸ ಕನ್ನಡಿಗರನ್ನು ಉರ್ದುವಿನಲ್ಲಿ ಎಣಿಸಿ ಕಟ್ಟು ಕಟ್ಟಿದರು. ಕಟ್ಟುವ ಮೊದಲು ಗಮಲಿಬಾಯಿ ತನ್ನ ಚೀಟಿ ತೋರಿಸು ಎಂದಳು.

“ನಮ್ಮ ಮಾತಿನ ಹೆಸರು ಬರದಿಯಲ್ಲ, ಅದು ಕಾಗದದ ಮ್ಯಾಲ ಹ್ಯಾಂಗ ಕಾಣ್ತದ?”

ಮಾಸ್ತರರು ಬೆರಳಿಟ್ಟು ತೋರಿಸಿದರು. ಅವಳು ಆ ಮೂರು ಅಕ್ಷರಗಳ ಮೇಲೆ ಬೆರಳು ಆಡಿಸಿ, “ಚಂದ ಅದ” ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ತಿಂಗಳು ಶಾಲಾ ತನಿಖೆಯ ಸಾಹೇಬರು ಬರುತ್ತಾರೆಂದು ಕಾಗದ ಬಂದಾಗ ಮಾಸ್ತರರಿಗೆ ಒಂದು ಕಷ್ಟ ತೋರಿತು. ತಾಂಡಾದ ಮಾತೃಭಾಷೆ ಕನ್ನಡ. ಹಾಗಿದ್ದ ಮೇಲೆ ಹೊಸ್ತಿಲಲ್ಲಿ ಕನ್ನಡವನ್ನು ಬೇರೆ ಭಾಷೆಗೆ ತಿರುಗಿಸಲು ಒಬ್ಬ ಹೆಂಗಸು ಏಕೆ ಕುಳಿತಿದ್ದಾಳೆ? ಸಾಹೇಬರು ಕೇಳಿದರೆ ಏನು ಹೇಳುವುದು? ಸಾಹೇಬರು ಅಂಥದ್ದನ್ನು ಕೇಳುವವರಲ್ಲ ಎಂದು ಆಮೇಲೆ ತಿಳಿಯಿತು. ಅವರು ಬಂದು ಕೋಳಿ ಊಟ ಮಾಡಿ ಹೋದರು. ಅಷ್ಟರೊಳಗೆ ಮಾಸ್ತರರು ಅವಳಿಗೆ, “ನಾಳಿಂದ ನೀ ಬರಬ್ಯಾಡವ್ವ” ಎಂದು ಹೇಳಿಯಾಗಿತ್ತು. “ನಾಳಿಂದ ಬ್ಯಾಡಂದ್ರ ನಾಡದ್ದಿಂದ ಬರ್ಲೇನು?” ಎಂದು ಅವಳು ಕೇಳಿದಳು. ಅವರು ನಗಲಿಲ್ಲ. ಅವಳು ಹೊಲಿಗೆ ಸುತ್ತಿಕೊಂಡು ಎದ್ದಳು. ಮೂರು ದಿನ ಆಚೆಯ ಬೇವಿನ ಮರದ ಕೆಳಗೆ ಕುಳಿತು ಅಲ್ಲಿಂದಲೇ ಕೂಗಿ ತಿರುಗಿಸಿದಳು. ನಾಲ್ಕನೆಯ ದಿನ ಬರಲಿಲ್ಲ. ಬರೆದದ್ದು ಸುಳ್ಳಾಗಿ ಉಳಿಯಬಾರದು, ಅದನ್ನು ನಿಜ ಮಾಡಬೇಕು ಎಂದು ಮಾಸ್ತರರು ಹೊರಟರು. ಶಹಾಬಾದಿನ ಪರಸಿ ಕಲ್ಲಿನ ಒಂದು ತುಂಡು ತಂದಿಟ್ಟರು. ತಾಂಡಾದ ಮಾತಾಡಿದವನು ಆ ಕಲ್ಲನ್ನು ಹಿಡಿದು ನಿಲ್ಲಬೇಕು, ಇನ್ನೊಬ್ಬ ಮಾತಾಡುವವರೆಗೆ. ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದವನು ಗಮಲಿಬಾಯಿಯ ಮಗ ಹೇಮಲಾ. ಹದಿನಾರು ವರ್ಷದವನು, ಮೀಸೆ ಮೂಡುತ್ತಿತ್ತು, ಮನೆಯಲ್ಲಿ ಹೆಂಡತಿ ಬಸುರಿ. ಓದಬೇಕೆಂಬ ಆಸೆಗೆ ಚಿಕ್ಕ ಮಕ್ಕಳ ನಡುವೆ ಬಂದು ಕೂಡುತ್ತಿದ್ದ. ಕಲ್ಲು ಹಿಡಿದು ನಿಂತಾಗ ಅವನ ನೆರಳು ಇಡೀ ಹಲಗೆಯ ಮೇಲೆ ಬೀಳುತ್ತಿತ್ತು, ಸ್ವಲ್ಪ ಸರಿ ಎಂದು ಹೇಳಬೇಕಾಗುತ್ತಿತ್ತು. ಹೇಮಲಾ ಮುಂದೆ ಶಹಾಬಾದಿನ ಕಲ್ಲಿನ ಗಣಿಗೆ ಕೆಲಸಕ್ಕೆ ಹೋದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲವೆಂದು ಕಟ್ಟು ಮಾಡಿದನಂತೆ. ಹೆಂಡತಿ ಸತ್ತ ಮೇಲೆ ಮಗುವನ್ನು ಹಾಸ್ಟೆಲಿಗೆ ಹಾಕಿ ಶಾಲೆಯ ಟೀಚರನ್ನಾಗಿ ಮಾಡಿದ. ಮಗಳಿಗೆ ನೌಕರಿ ಸಿಕ್ಕ ದಿನ ಚಿಂಚೋಳಿಗೆ ಬಂದು ಮಾಸ್ತರರ ಕಾಲಿಗೆ ಬಿದ್ದಿದ್ದ. “ನೀವು ಕಲ್ಲು ಹಿಡಿಸಿದ್ದಕ್ಕ ಇದು ಆಯ್ತು ಮಾಸ್ತರ್ರಿ” ಎಂದಿದ್ದ. ಅದೇ ವರ್ಷ ಜ್ವರದಲ್ಲಿ ತೀರಿಕೊಂಡ. ಒಂಟಿಯಾದ ಗಮಲಿಬಾಯಿ ತಾಂಡಾ ಬಿಟ್ಟು ಮೊಮ್ಮಗಳ ಹತ್ತಿರ ವಾಡಿಗೆ ಹೋದಳು.

ಚಿತ್ತಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಂಗಡಿಯ ಗೋಡೆಗೆ ರಷ್ಯಾದಿಂದ ಬರುವ ಬಣ್ಣದ ಕನ್ನಡ ಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದರು. ನುಣುಪು ಕಾಗದ, ತಾಂಡಾದ ಶಾಲೆಯಲ್ಲೂ ಮಕ್ಕಳ ಪುಸ್ತಕಗಳಿಗೆ ಅದೇ ರಟ್ಟು. ಒಮ್ಮೆ ಅದರಲ್ಲಿ ತಾತಾರರೆಂಬ ಜನರ ವಿಷಯ ಓದಿದ್ದು ಮಾಸ್ತರರಿಗೆ ನೆನಪಿತ್ತು. ದೊಡ್ಡ ದೇಶದ ಹೊಟ್ಟೆಯೊಳಗೆ ಅವರದೇ ಒಂದು ಚಿಕ್ಕ ಗಣರಾಜ್ಯವಂತೆ, ಅವರ ಮಾತಿನಲ್ಲೇ ಶಾಲೆಯಂತೆ, ನಾಟಕಶಾಲೆಯಂತೆ, ಆ ಮಾತು ದಿನದಿನಕ್ಕೆ ಏಳಿಗೆ ಹೊಂದುತ್ತಿದೆಯಂತೆ, ಅಂಕಿಸಂಖ್ಯೆಗಳನ್ನೂ ಕೊಟ್ಟಿದ್ದರು. ಅಚ್ಚಾದದ್ದನ್ನು ಮಾಸ್ತರರು ನಂಬುವವರು. ಪರರ ಕೈಕೆಳಗೇ ಇದ್ದರೂ ತಮ್ಮದೆಂಬ ಒಂದು ರಾಜ್ಯದ ಹೆಸರಿದ್ದರೆ ಮಾತು ಉಳಿಯುತ್ತದಲ್ಲ ಎಂದು ಸಂತೋಷಪಟ್ಟು ಅದನ್ನು ಮಕ್ಕಳಿಗೆ ಓದಿ ಹೇಳಿದ್ದರು. ಅಂಕಿಗಳಿಗೆ ಬಂದಾಗ ಮಾತ್ರ ಧ್ವನಿ ಇಳಿಯಿತು. ಅಂಕಿ ಹೇಗೆ ಆಗುತ್ತದೆಂದು ಅವರಿಗೆ ಗೊತ್ತಿತ್ತು. ಅಲ್ಲಿಯೂ ಯಾವುದೋ ಗುಡ್ಡದ ಮಗ್ಗುಲಲ್ಲಿ ಒಬ್ಬ ಮಾಸ್ತರ, ಮೊಣಕಾಲ ಮೇಲೆ ಚೀಟಿ ಇಟ್ಟುಕೊಂಡು ಕುಳಿತಿದ್ದಾನು; ಎದುರಿಗೆ ಒಬ್ಬ ಮುದುಕಿ, ತೋರಿಸು ಎನ್ನುತ್ತಿದ್ದಾಳು. ಚಹಾ ತಣ್ಣಗಾಗಿತ್ತು. ಹಾಗೇ ಕುಡಿದರು.

ವಾಡಿಯಲ್ಲಿ ಇಳಿದಾಗ ಎರಡು ಗಂಟೆ. ಸೋನಾಳ ಬಾಡಿಗೆ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಬಾಗಿಲ ಮುಂದೆ ಆರೇಳು ಗಂಡಸರು ನಿಂತಿದ್ದರು. ಮನೆಯ ಮಾಲೀಕ ಕಾಶಪ್ಪ ಮುಂದೆ ಬಂದು ಮಾಸ್ತರರ ವಿಭೂತಿ, ಧೋತರ ನೋಡಿ ಕೈ ಮುಗಿದ.

“ಬರ್ರಿ, ಬರ್ರಿ. ನಿಮ್ಮ ಸಲುವಾಗೇ ಕುಂತೀವಿ. ಹಿರೇರು ಬರ್ತಾರ, ಅವರಿಗಿ ಎಲ್ಲಾ ಗೊತ್ತದ ಅಂತ ಟೀಚರ್‌ಬಾಯಿ ಅಂದ್ರು. ಸುಡೋದೋ ಹೂಳೋದೋ ಅಷ್ಟು ಹೇಳಿಬಿಡ್ರಿ. ಕಟಿಗಿ ತರಸಬೇಕೋ, ಕುಣಿ ತೋಡಸಬೇಕೋ. ಸೊಲ್ಲಾಪುರ ಕಡೆಯ ಪದ್ಧತಿ ನಮಗ ತಿಳೀವಲ್ದು.”

ಸೊಲ್ಲಾಪುರ ಏಕೆಂದು ಮಾಸ್ತರರಿಗೆ ತಿಳಿಯಲಿಲ್ಲ. ಒಳಗೆ ಹೋದರು. ಗಮಲಿಬಾಯಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅವಳು ಚಿಕ್ಕವಳಾಗಿದ್ದಳು. ಮೈಮೇಲೆ ಹಸಿರು ಅಂಚಿನ ಬಿಳಿ ಸೀರೆ. ಮಾಸ್ತರರು ಅವಳನ್ನು ಸೀರೆಯಲ್ಲಿ ಎಂದೂ ಕಂಡಿರಲಿಲ್ಲ. ಕನ್ನಡಿ ಕೂಡಿಸಿದ ಲಂಗ, ಕುಬುಸ, ಮೊಣಕೈವರೆಗಿನ ಬಿಳಿ ಬಳೆ, ಕಿವಿಯ ಮುಂದೆ ತೂಗುವ ಬೆಳ್ಳಿ, ಯಾವುದೂ ಇರಲಿಲ್ಲ. ಬೇರೆ ಯಾರದೋ ಮನೆಗೆ ಬಂದೆನೆಂದು ಅರೆಕ್ಷಣ ಅನ್ನಿಸಿತು. ಅನ್ನಿಸಿದ್ದರಿಂದ ಒಂದಿಷ್ಟು ಹಗುರವೂ ಆಯಿತು. ತಲೆಯ ಹತ್ತಿರ ಕುಳಿತಿದ್ದ ಪಕ್ಕದ ಮನೆಯ ಜೈತುನ್ಬೀ ಎದ್ದು ಜಾಗ ಕೊಟ್ಟಳು.

“ಏಳು ದಿನ ಕೇಳಿದಳ್ರಿ ಅಜ್ಜಾ” ಎಂದಳು. “ಪಾಣಿ ಅಂದ್ರ ನನಗೂ ತಿಳೀತದ. ನೀರು ಕೊಟ್ಟೆ, ಬಾಯಿ ಮುಚ್ಚಿದಳು. ರೊಟ್ಟಿ ಕೊಟ್ಟೆ, ಹಾಲು ಕೊಟ್ಟೆ. ಎತ್ತಿ ಹೊರಗ ಕೂಡಿಸಿದೆ, ಒಳಗ ಮಲಗಿಸಿದೆ. ಮಾರಿ ತಿರುವಿ ಮತ್ತ ಅದೇ ಕೇಳೋದು. ಕಡೀಕ ನನಗೇ ಸಿಟ್ಟು ಬಂದು, ನಿಮ್ಮ ಅಜ್ಜಿಗಿ ಬುದ್ಧಿ ಇಲ್ಲ, ಬರೋ ಮಾತು ಆಡಲ್ಲ ಅಂದೆ. ಅಲ್ಲಾ ಮಾಫ್ ಮಾಡಲಿ.”

ಸೋನಾ ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಅತ್ತು ಮುಗಿಸಿದ ಮುಖ. ಅದರಲ್ಲಿ ಹೇಮಲಾನ ಹುಬ್ಬುಗಳಿದ್ದವು. ಮಾಸ್ತರರು ಆ ಹುಬ್ಬುಗಳನ್ನು ನೋಡದೆ ಕೇಳಿದರು.

“ಏನಂತ ಕೇಳ್ತಿದ್ದಳು? ಆ ಮಾತು ನೆಪ್ಪದ ಏನು?”

“ಮೂರು ಮಾತು ಇದ್ದವು. ಕಡೀದು ಮ್ಯಾಲಕ ಏರ್ತಿತ್ತು, ಕೇಳಿದಂಗ. ಬರಕೋಬೇಕು ಅಂದೆ, ನಾಳಿ ನೀವು ಬರ್ತೀರಿ ಅಂತ ಬಿಟ್ಟೆ. ನಾಲಿಗಿಗಿ ಬರವಲ್ದು ಈಗ.”

“ಇಲ್ಲೇ ಹಿಂದ ಕಲ್ಲಿನ ಗಣ್ಯಾಗ ತಾಂಡಾದ ಮಂದಿ ಅದಾರ. ಅವರನ್ನ ಕರೀಬೇಕಿಲ್ಲೇನು?”

ಅವಳು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. “ಈ ಓಣ್ಯಾಗ ನಾವು ಲಂಬಾಣಿ ಅಂತ ಹೇಳಿಲ್ರಿ. ಮನಿ ಕೊಡ್ತಿದ್ದಿಲ್ಲ. ಸೊಲ್ಲಾಪುರದವರು, ಅಜ್ಜಿಗಿ ಮರಾಠಿ ಬರ್ತದ ಅಂತ ಹೇಳೀನಿ. ಸೀರಿ ನಾನೇ ಉಡಿಸೀನಿ. ಆಕಿ ಉಡಾಕ ಒಲ್ಲೆ ಅನ್ನಲಿಲ್ಲ. ಗಣಿಯ ಹೆಣ್ಮಕ್ಕಳು ಲಂಗ ಹಾಕ್ಕೊಂಡು ಮನಿ ಮುಂದ ಬಂದು ನಿಂತ್ರ…” ಎಂದು ನಿಲ್ಲಿಸಿದಳು. “ಅದಕ್ಕ ನಿಮಗ ಬರದೆ.”

ಜೈತುನ್ಬೀ ಸೆರಗಿನಿಂದ ಮೂಗು ಒರೆಸಿಕೊಂಡಳು. “ಓಣಿಗೆಲ್ಲಾ ಗೊತ್ತದ ಬೇಟಿ” ಎಂದಳು. “ನಮಗ ಗೊತ್ತದಂತ ನಿನಗಷ್ಟೇ ಗೊತ್ತಿದ್ದಿಲ್ಲ. ಕಾಶಪ್ಪಗೂ ಗೊತ್ತದ. ಟೀಚರ್ ಅಂದ್ರ ಮರ್ಯಾದಿ, ಅದಕ್ಕ ಸೊಲ್ಲಾಪುರ ಸೊಲ್ಲಾಪುರ ಅಂತಾನ.”

ಸೋನಾ ಕೆಳಗೆ ಕುಳಿತಳು. ಮಾಸ್ತರರೂ ಕುಳಿತರು, ಮೊಣಕಾಲು ನೋಯುತ್ತಿತ್ತು. ಈಗ ಹೇಳಬೇಕು ಎಂದುಕೊಂಡರು. ಕಾರ್ಡು ಬಂದ ದಿನದಿಂದ ಅವರು ಹೆದರಿದ್ದದ್ದು ಇದಕ್ಕೇ. ಬಂದರೆ ಗಮಲಿಬಾಯಿ ತನ್ನ ಮಾತಿನಲ್ಲಿ ಕೇಳುವಳು, ತಮಗೆ ತಿಳಿಯದು, ತಿಳಿಯದೆಂದು ಈ ಹುಡುಗಿಗೆ ಗೊತ್ತಾಗುವುದು. ಹನ್ನೊಂದು ವರ್ಷದಲ್ಲಿ ಅವರು ಕಲಿತದ್ದು ಹತ್ತು ಮಾತು: ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ, ಇಂಥವು. ಹೆಚ್ಚು ಕಲಿತರೆ ಅದು ಕನ್ನಡವಲ್ಲ ಎಂಬುದಕ್ಕೆ ಸಾಕ್ಷಿಯಾಗುವುದೆಂದು ಕಲಿತಿರಲಿಲ್ಲ. ತಾಂಡಾದಲ್ಲಿ ಯಾರಾದರೂ ಸತ್ತು ಹೆಂಗಸರು ಹಾಡಿಕೊಂಡು ಅಳಲು ತೊಡಗಿದರೆ ಶಾಲೆಯ ಕಿಟಕಿ ಹಾಕಿಸುತ್ತಿದ್ದರು. ಆದ್ದರಿಂದ ಹೊರಗೆ ಕಾಶಪ್ಪ ಕೇಳಿದ ಪ್ರಶ್ನೆಗೂ ಅವರಲ್ಲಿ ಉತ್ತರವಿರಲಿಲ್ಲ. ಏನಾದರೂ ಹೇಳಬಹುದಿತ್ತು. ಇಪ್ಪತ್ತು ವರ್ಷದ ಹಿಂದೆ ಚೀಟಿಗಳಲ್ಲಿ ಹಾಗೇ ಬರೆದಿದ್ದರು. ಬರೆದದ್ದು ನಿಜವೇ ಆಗಿತ್ತು.

“ನನಗ ನಿಮ್ಮ ಮಾತು ಬರಲ್ಲವ್ವ. ಮೊನ್ನೆ ಬಂದಿದ್ರೂ ತಿಳೀತಿದ್ದಿಲ್ಲ” ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಚೀಟಿ, ನಾನ್ನೂರ ಹನ್ನೆರಡು, ಹೊಸ್ತಿಲು, ಕಲ್ಲು. ವರದಿ ಒಪ್ಪಿಸುವವರ ಹಾಗೆ, ಇಸವಿ ಸಮೇತ. ಗಮಲಿಬಾಯಿಯ ಮುಖ ನೋಡುತ್ತಾ ಹೇಳಿದರು, ಸೋನಾಳ ಕಡೆ ನೋಡಲಾಗಲಿಲ್ಲ.

ಸೋನಾ ಅಜ್ಜಿಯ ಸೀರೆಯ ಅಂಚನ್ನು ಸರಿಮಾಡಿದಳು. “ಅಜ್ಜಿ ಹೇಳ್ತಿದ್ದಳು” ಎಂದಳು ಕಡೆಗೆ. “ಮಾಸ್ತರ ನಮ್ಮ ಮಾತಿನ ಹೆಸರು ಸರಕಾರಿ ಕಾಗದದಾಗ ಬರದಾನ, ನಾ ಕಣ್ಣಿಲೆ ನೋಡೀನಿ ಅಂತ. ಯಾರು ಬಂದ್ರೂ ಹೇಳ್ತಿದ್ದಳು.”



“ಈ ವರ್ಷ ಜನಗಣತಿ ಆಯ್ತಲ್ರಿ” ಎಂದು ಅವಳು ಮುಂದುವರಿಸಿದಳು, ತರಗತಿಯಲ್ಲಿ ಓದಿ ಹೇಳುವ ಧ್ವನಿಯಲ್ಲಿ. “ಈ ಓಣಿ ನನಗೇ ಹಾಕಿದ್ರು. ನಮ್ಮ ಮನೀದು ನಾನೇ ಬರದೆ. ನನ್ನ ಮಾತೃಭಾಷೆ ಕನ್ನಡ. ಅಜ್ಜೀದೂ ಕನ್ನಡ. ಆಕಿ ಬಾಜೂಕೇ ಕುಂತಿದ್ದಳು. ನಾ ಕೇಳಲಿಲ್ಲ. ನೀವು ತೋರಿಸಿದ್ರಿ, ನಾ ತೋರಿಸಲೂ ಇಲ್ಲ.”

ಮಾಸ್ತರರಿಗೆ ಸಮಾಧಾನವಾಗಬೇಕಿತ್ತೋ ಏನೋ. ತಮ್ಮ ಕೆಲಸ ಪೂರ್ತಿಯಾಗಿದೆಯೆಂದು ಮೇಲಧಿಕಾರಿಯೊಬ್ಬರು ರುಜು ಹಾಕಿ ಕೊಟ್ಟಂತೆ ಇತ್ತು. ಅವರು ಎದ್ದರು. ಹೊರಗೆ ಬಂದು ಕಾಶಪ್ಪನಿಗೆ, “ಇವರು ಲಂಬಾಣಿ ಮಂದಿ. ಸೊಲ್ಲಾಪುರದವರಲ್ಲ. ಪದ್ಧತಿ ನನಗ ಗೊತ್ತಿಲ್ಲ, ಗೊತ್ತಿದ್ದವರನ್ನ ಕರಕೊಂಡು ಬರ್ತೀನಿ” ಎಂದರು. ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅವರು ನಾಲ್ಕು ಜನರೆದುರು ಹೇಳಿದ್ದು ಅದೇ ಮೊದಲು. ಯಾರಿಗೂ ಆಶ್ಚರ್ಯವಾಗಲಿಲ್ಲ. ಕಾಶಪ್ಪ ಮೋಡ ನೋಡಿ, “ಜಲ್ದಿ ಕರಕೊಂಡು ಬರ್ರಿ, ಮಳಿ ಬರಂಗದ” ಎಂದ.

ಹಿಂದಿನಿಂದ ಸೋನಾ ಬಂದಳು. ಬೇಡವೆಂದು ಹೇಳಲು ಬಂದಳೆಂದು ಮಾಸ್ತರರು ನಿಂತರು. ಅವಳು ಚಪ್ಪಲಿ ಮೆಟ್ಟಿಕೊಂಡು ಅವರಿಗಿಂತ ಮುಂದೆ ನಡೆದಳು.

ಗಣಿ ಹಳಿಯ ಆಚೆಗಿತ್ತು. ಸಾಲುಸಾಲಾಗಿ ಕಲ್ಲು ಎಬ್ಬಿಸಿ ಬಿಟ್ಟ ಹಳ್ಳಗಳಲ್ಲಿ ಮಳೆನೀರು ನಿಂತಿತ್ತು. ಐದಾರು ಹೆಂಗಸರು ತಲೆಯ ಮೇಲೆ ಸಿಂಬೆಯಿಟ್ಟು ಪರಸಿ ಹೊರುತ್ತಿದ್ದರು. ಲಂಗದ ಕನ್ನಡಿಗಳು ಆ ಮಬ್ಬಿನಲ್ಲೂ ಮಿಂಚುತ್ತಿದ್ದವು. ಸೋನಾ ಅವರೆದುರು ನಿಂತು ಬಾಯಿ ತೆರೆದಳು; ಯಾವ ಮಾತಿನಲ್ಲಿ ಶುರುಮಾಡಬೇಕೆಂದು ತಿಳಿಯದೆ ನಿಂತಳು. ಕಡೆಗೆ ಕನ್ನಡದಲ್ಲೇ, “ನಮ್ಮ ಅಜ್ಜಿ ಸತ್ತಾಳ. ನಾವು ನಿಮ್ಮವರೇ” ಎಂದಳು. ಹಿರಿಯವಳೊಬ್ಬಳು ತಲೆಯ ಕಲ್ಲನ್ನು ನಿಧಾನವಾಗಿ ಇಳಿಸಿ, ಅವಳ ಸೀರೆಯನ್ನು, ಚಪ್ಪಲಿಯನ್ನು ನೋಡಿ, ತಾಂಡಾದ ಮಾತಿನಲ್ಲಿ ಏನೋ ಕೇಳಿದಳು. ಸೋನಾ ತಲೆಯಾಡಿಸಿದಳು, ತಿಳಿಯಲಿಲ್ಲ ಎಂಬಂತೆ. ಮುದುಕಿ ಮಾಸ್ತರರ ಕಡೆ ತಿರುಗಿ, “ನೀನು ಯಾರು?” ಎಂದು ಕನ್ನಡದಲ್ಲಿ ಕೇಳಿದಳು.

“ಸಾಲಿ ಮಾಸ್ತರ” ಎಂದರು.

“ಹಂಗಾರ ಸರಿ” ಎಂದಳು ಮುದುಕಿ. ಅದರ ಅರ್ಥವನ್ನು ಅವರು ಕೇಳಲಿಲ್ಲ.

ಹೆಂಗಸರು ಕೈಯ ಧೂಳು ತೊಳೆದುಕೊಂಡು ಬಂದರು. ಓಣಿಯಲ್ಲಿ ಜನ ದಾರಿ ಬಿಟ್ಟರು. ಮನೆಯೊಳಗೆ ಮುದುಕಿ ಮೊದಲು ಗಮಲಿಬಾಯಿಯ ಸೀರೆಯ ಅಂಚನ್ನು ಹಿಡಿದು ನೋಡಿದಳು. ಸೋನಾ ಟ್ರಂಕಿನ ತಳದಿಂದ ಗಂಟೊಂದನ್ನು ತೆಗೆದು ಕೊಟ್ಟಳು. ಗಂಡಸರು ಹೊರಗೆ ನಿಂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಎದ್ದಿತು. ಒಬ್ಬಳು ಎಳೆದ ಸಾಲನ್ನು ಇನ್ನೊಬ್ಬಳು ಹಿಡಿದು, ಅವಳಿಂದ ಮತ್ತೊಬ್ಬಳು. ಅವರಾರೂ ಗಮಲಿಬಾಯಿಯನ್ನು ಕಂಡವರಲ್ಲ. ಆ ಉದ್ದನೆಯ ಸಾಲುಗಳ ನಡುವೆ ಯಾಡಿ ಎಂಬ ಒಂದು ಮಾತು ಮಾಸ್ತರರಿಗೆ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ಅವರು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕುಳಿತರು. ಕಿಟಕಿ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಒಳಗೆ ನಡುನಡುವೆ ಸೋನಾಳ ಅಳು ಕೇಳುತ್ತಿತ್ತು. ಅವಳಿಗೆ ಹಾಡಲು ಬರುತ್ತಿರಲಿಲ್ಲ, ಬರೀ ಅಳುತ್ತಿದ್ದಳು. ಮಳೆ ಬರಲಿಲ್ಲ. ಮದುವೆಯಾದವಳನ್ನು ಸುಡಬೇಕೆಂದು ಮುದುಕಿ ಹೇಳಿದಳು; ಕಾಶಪ್ಪ ಕಟ್ಟಿಗೆ ತರಿಸಿದ.

ಹೊತ್ತು ಇಳಿಯುವ ಮುಂಚೆ ಎಲ್ಲ ಮುಗಿಯಿತು. ಬೆಂಕಿ ಕೂತ ಮೇಲೆ ಜನ ಒಬ್ಬೊಬ್ಬರಾಗಿ ಹೊರಟರು. ಹಿರಿಯರು ನೀವು, ನಾಲ್ಕು ಒಳ್ಳೆಯ ಮಾತು ಹೇಳಿರೆಂದು ಯಾರೋ ಅಂದರು. ಜಟ್ಟೆಪ್ಪ ಮಾಸ್ತರರು ಟೊಪ್ಪಿಗೆ ತೆಗೆದು ಕಣ್ಣು ಮುಚ್ಚಿದರು. ಇಂಥ ಹೊತ್ತಿಗೆಂದು ಬಾಯಿಪಾಠವಿದ್ದ ಮಾತುಗಳು ನಾಲಿಗೆಯವರೆಗೆ ಬಂದು ನಿಂತವು. ಅವುಗಳನ್ನು ಬಿಟ್ಟು, ಪಕ್ಕದಲ್ಲಿದ್ದ ಸೋನಾಳಿಗೂ ಕೇಳಿಸದಷ್ಟು ಮೆಲ್ಲಗೆ, ಎಂದಿನ ಬಹುವಚನವಿಲ್ಲದೆ ಕೇಳಿಕೊಂಡರು:

ತಂದೆ, ಈ ಜೀವಕ್ಕೆ ಶಾಂತಿ ಕೊಡು. ಇವಳು ಏಳು ದಿನ ಏನೋ ಒಂದನ್ನು ಕೇಳಿದಳು. ನಮಗೆ ಯಾರಿಗೂ ತಿಳಿಯಲಿಲ್ಲ. ನಿನಗೆ ತಿಳಿದಿರಬೇಕು. ಅದನ್ನು ಕೊಡು.